ಮೊಬೈಲು ಒಂದೇ, ಮನೆ ಬೇರೆ

(ಗಿರಣಿ ಕಾರ್ಮಿಕರೂ ಸಣ್ಣ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದವರಿದ್ದೀರಿ. ಅಂಗಡಿಯನ್ನು ಮಗನ ಕೈಗೊಪ್ಪಿಸಿ ಬಂದವರೂ ಇದ್ದೀರಿ. ಆ ಮಗನ ವಿಷಯವನ್ನೇ, ಮನೆಯಲ್ಲಿರುವ ಅವನ ತಂಗಿಯ ವಿಷಯವನ್ನೇ ಈ ಸಂಜೆ ಮಾತನಾಡಬೇಕೆಂದಿದ್ದೇವೆ.

ಈಚೆಗೆ ನಾಲ್ಕು ಜನ ತಂದೆತಾಯಿಗಳು ಕೂಡಿದಲ್ಲೆಲ್ಲ ಒಂದೇ ದೂರು: ಹುಡುಗರು ಮೊಬೈಲು ಹಿಡಿದು ಕೆಟ್ಟರು, ಪುಸ್ತಕ ಮುಟ್ಟುವುದಿಲ್ಲ, ಕರೆದರೆ ಓಗೊಡುವುದಿಲ್ಲ. ದೂರು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಅದೇ ಮೊಬೈಲು ಡಾಕ್ಟರ ಮನೆಯ ಹುಡುಗನ ಕೈಯಲ್ಲಿಯೂ ಇದೆ. ನಿಮ್ಮ ಹುಡುಗನದಕ್ಕಿಂತ ಬೆಲೆಯುಳ್ಳದ್ದೇ ಇದೆ. ಅವನೂ ರೀಲ್ಸ್ ನೋಡುತ್ತಾನೆ, ಅವನೂ ಆಟ ಆಡುತ್ತಾನೆ. ಆದರೂ ಅವನು ಶಾಲೆ ಬಿಡುವ ಭಯ ಯಾರಿಗೂ ಇಲ್ಲ. ಯಂತ್ರ ಒಂದೇ ಆಗಿದ್ದು ಫಲ ಬೇರೆಯಾದರೆ ಕಾರಣವನ್ನು ಎಲ್ಲಿ ಹುಡುಕಬೇಕು? ಮನೆಯಲ್ಲಿ ಹುಡುಕಬೇಕು. ಮನೆಯೆಂದೊಡನೆ ತಂದೆತಾಯಿಯ ನಡತೆಯ ಮೇಲೆ ತಪ್ಪು ಹೊರಿಸುತ್ತೇವೆಂದು ತಿಳಿಯಬೇಡಿ. ಮನೆಯ ವರಮಾನ, ಮನೆಯ ಕೋಣೆಗಳು, ಮನೆಯವರು ದುಡಿಯುವ ಹೊತ್ತು, ಮನೆಯಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರೆಷ್ಟು ಜನ ಎಂಬುದು, ಇಷ್ಟೂ ಸೇರಿ ಮನೆ.

2020ರ ಮಾರ್ಚಿನಲ್ಲಿ ಕೊರೋನಾ ಬಂದು ಶಾಲೆಗಳಿಗೆ ಬೀಗ ಬಿದ್ದುದು ನಿಮಗೆಲ್ಲ ನೆನಪಿದೆ. ಪಾಠ ಮೊಬೈಲಿಗೆ ಬಂತು. ಜೂನ್‌ನಲ್ಲಿ ರಾಜ್ಯ ಸರಕಾರ ಚಿಕ್ಕ ತರಗತಿಗಳ ಆನ್‌ಲೈನ್ ಪಾಠವನ್ನು ನಿಲ್ಲಿಸಿತು. ಜುಲೈಯಲ್ಲಿ ಹೈಕೋರ್ಟು ಆ ಆಜ್ಞೆಗೆ ತಡೆ ಕೊಟ್ಟಿತು. ಅದರಲ್ಲಿ ಯಾರು ಗೆದ್ದರೂ ಮೊಬೈಲೇ ಇಲ್ಲದ ಮನೆಯ ಮಗುವಿಗೆ ಬರುವುದೇನೂ ಇರಲಿಲ್ಲ. ಕೇಂದ್ರ ಸರಕಾರದವರೇ 2017-18ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ದೇಶದ ನೂರು ಮನೆಗಳಲ್ಲಿ ಇಂಟರ್ನೆಟ್ ಅನುಕೂಲವಿದ್ದುದು ಸುಮಾರು 24 ಮನೆಗಳಿಗೆ. ಹಳ್ಳಿಗಳಲ್ಲಿ ಸುಮಾರು 15 ಮನೆಗಳಿಗೆ. ಅದೇ ಜುಲೈಯಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಮೊದಲಾದವು. ಆಗಸ್ಟಿನಲ್ಲಿ 'ವಿದ್ಯಾಗಮ' ಬಂತು. ಮೇಷ್ಟರುಗಳು ಗುಡಿಯ ಜಗುಲಿಗೆ, ಮರದ ನೆರಳಿಗೆ, ವಠಾರದ ಅಂಗಳಕ್ಕೆ ಬಂದು ಮಕ್ಕಳನ್ನು ಕೂಡಿಸಿದರು. ಸೋಂಕು ಹರಡುವ ಭಯದಿಂದ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ಎರಡೇ ತಿಂಗಳು ನಡೆದರೂ ನಮ್ಮ ಮಕ್ಕಳ ಬಳಿಗೆ ಪಾಠವೇ ನಡೆದುಬಂದ ದಿನಗಳು ಅವು. ಆ ಮೇಷ್ಟರುಗಳಿಗೆ ನಾವು ಋಣಿಗಳು.

2021ರ ಸೆಪ್ಟೆಂಬರಿನಲ್ಲಿ ಜಾನ್ ದ್ರೇಜ್, ರೀತಿಕಾ ಖೇರಾ ಮೊದಲಾದ ಅರ್ಥಶಾಸ್ತ್ರಜ್ಞರು ಒಂದು ವರದಿ ಹೊರಡಿಸಿದರು. ಕರ್ನಾಟಕವೂ ಸೇರಿ 15 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ ಬಡ ಮನೆಗಳಿಗೆ ಹೋಗಿ ಸುಮಾರು 1,400 ಮಕ್ಕಳ ಸ್ಥಿತಿಯನ್ನು ವಿಚಾರಿಸಿ ಬರೆದದ್ದು. ಹಳ್ಳಿಯ ನೂರು ಮಕ್ಕಳಲ್ಲಿ ಆನ್‌ಲೈನ್ ಪಾಠವನ್ನು ಕ್ರಮವಾಗಿ ಕೇಳುತ್ತಿದ್ದವರು 8 ಮಂದಿ. ಏನನ್ನೂ ಓದದೆ ಇದ್ದವರು 37 ಮಂದಿ. ಇದರಲ್ಲಿ ಆಶ್ಚರ್ಯವೇನು, ಮೊಬೈಲಿಲ್ಲದ್ದರಿಂದ ಹಾಗಾಯಿತು ಎನ್ನುವಿರಿ. ತಾಳಿ. ಅದೇ ವರದಿಯಲ್ಲಿ ಇನ್ನೊಂದು ಅಂಕಿಯಿದೆ. ಸ್ಮಾರ್ಟ್‌ಫೋನು ಇದ್ದ ಮನೆಗಳನ್ನೇ ಬೇರೆ ತೆಗೆದು ಲೆಕ್ಕಮಾಡಿದರೂ ಕ್ರಮವಾಗಿ ಪಾಠ ಕೇಳುತ್ತಿದ್ದವರು ಪಟ್ಟಣದಲ್ಲಿ ನೂರಕ್ಕೆ 31, ಹಳ್ಳಿಯಲ್ಲಿ 15.

ಮೊಬೈಲು ಮನೆಯದು ನಿಜ, ಮಗುವಿನದಲ್ಲ. ಅಪ್ಪ ಬೆಳಗಿನ ಪಾಳಿಗೆ ಹೋಗುವಾಗ ಅದು ಅಪ್ಪನ ಜೇಬಿನಲ್ಲಿ ಹೋಗುತ್ತದೆ. ಅಣ್ಣನಿಗೂ ತಂಗಿಗೂ ಒಂದೇ ಹೊತ್ತಿನಲ್ಲಿ ಪಾಠವಿದ್ದರೆ ತಂಗಿಯ ಪಾಠ ತಪ್ಪುತ್ತದೆ. ತಿಂಗಳ ಕೊನೆಯ ವಾರದಲ್ಲಿ ರೀಚಾರ್ಜು ಮುಗಿದಿರುತ್ತದೆ.

ವರ್ತಕ ಮಿತ್ರರ ಮನೆಯ ಸ್ಥಿತಿ ಇದಕ್ಕಿಂತ ಬೇರೆಯೆ? ನಿಮ್ಮ ಅಂಗಡಿಯಲ್ಲಿ ಈಗ ಮೊಬೈಲೇ ಗಲ್ಲಾ ಪೆಟ್ಟಿಗೆ. ಗಿರಾಕಿ ದುಡ್ಡು ಕಳಿಸಿದನೋ ಇಲ್ಲವೋ ಅದರಲ್ಲೇ ನೋಡಬೇಕು. ಸಗಟು ವ್ಯಾಪಾರಿಗೆ ಸಾಮಾನಿನ ಪಟ್ಟಿ ಅದರಲ್ಲೇ ಕಳಿಸಬೇಕು. ಉದ್ರಿಯವರಿಗೆ ನೆನಪು ಮಾಡುವುದೂ ಅದರಿಂದಲೇ. ರಾತ್ರಿ ಹತ್ತಕ್ಕೆ ಬಾಗಿಲೆಳೆದ ಮೇಲೆ ಅದು ಮಗನ ಕೈಗೆ ಸಿಗುತ್ತದೆ. ಸಂಜೆಯೆಲ್ಲ ಬೇಳೆ ಸಕ್ಕರೆ ತೂಗಿದ ಹುಡುಗ ಹತ್ತೂವರೆಗೆ ಲೆಕ್ಕದ ಪಾಠ ಕೇಳಿಯಾನೆ? ಅರ್ಧ ನಿಮಿಷದ ಕುಣಿತ, ಅರ್ಧ ನಿಮಿಷದ ಹಾಸ್ಯ ನೋಡುತ್ತಾ ನಿದ್ದೆ ಹೋಗುತ್ತಾನೆ. ನಾವು ಅದಕ್ಕೆ ಚಟವೆಂದು ಹೆಸರಿಟ್ಟಿದ್ದೇವೆ. ದಣಿದ ಹುಡುಗನಿಗೆ ಉಳಿದಿರುವ ಒಂದೇ ಬಿಡುವು ಅದು ಎಂಬುದನ್ನೂ ಸ್ವಲ್ಪ ಯೋಚಿಸಬೇಕು.

ಈಗ ಕಾಲ ಬದಲಾಗಿದೆ, ಎಲ್ಲರ ಮನೆಗೂ ಮೊಬೈಲು ಬಂದಿದೆ ಎನ್ನುವುದೂ ಸರಿಯೆ. 2024ರ 'ಅಸರ್' ವರದಿಯ ಪ್ರಕಾರ ಹಳ್ಳಿಗಳಲ್ಲಿ 14ರಿಂದ 16 ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು 90 ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನು ಇದೆ. ಹಿಂದಿನ ವಾರದಲ್ಲಿ ಅದನ್ನು ಓದಿನ ಕೆಲಸಕ್ಕೆ ಬಳಸಿದವರು ನೂರಕ್ಕೆ 57. ಸಾಮಾಜಿಕ ಜಾಲತಾಣಕ್ಕೆ ಬಳಸಿದವರು 76. ಅದರ ಹಿಂದಿನ ವರ್ಷ ಅದೇ ಸಂಸ್ಥೆಯವರು 14ರಿಂದ 18ರ ವಯಸ್ಸಿನವರನ್ನು ವಿಚಾರಿಸಿದಾಗ, ಮೊಬೈಲು ಬಳಸಬಲ್ಲ ಹುಡುಗರಲ್ಲಿ ನೂರಕ್ಕೆ 44 ಮಂದಿಗೆ ಸ್ವಂತ ಫೋನು ಇತ್ತು. ಹುಡುಗಿಯರಲ್ಲಿ 20 ಮಂದಿಗೆ. ಹುಡುಗಿಗೆ ಮೊಬೈಲು ಕೊಟ್ಟರೆ ಕೆಡುತ್ತಾಳೆಂಬ ಮಾತು ನಮ್ಮ ಕೇರಿಗಳಲ್ಲಿ ಬಹಳ ಓಡಾಡುತ್ತದೆ. ಅದನ್ನು ಹೇಳುವವರ ಮಗನ ಫೋನನ್ನು ಒಂದು ದಿನ ತೆರೆದು ನೋಡಿದರೆ ಯಾರು ಕೆಡುತ್ತಿದ್ದಾರೆಂಬುದು ತಿಳಿದೀತು!

ಯಂತ್ರ ಹಂಚಿದರೆ ಸಮಾನತೆ ತಾನಾಗಿ ಬರುವುದೆಂಬ ನಂಬಿಕೆ ಹೊಸದಲ್ಲ, ನಮ್ಮ ದೇಶದ್ದಷ್ಟೇ ಅಲ್ಲ. ಅಮೆರಿಕದಲ್ಲಿ 1969ರಲ್ಲಿ 'ಸೆಸಮೆ ಸ್ಟ್ರೀಟ್' ಎಂಬ ಮಕ್ಕಳ ಟೆಲಿವಿಷನ್ ಕಾರ್ಯಕ್ರಮ ಪ್ರಾರಂಭವಾಯಿತು. ಬಡ ಮಕ್ಕಳು ಶಾಲೆಗೆ ಸೇರುವ ಮೊದಲೇ ಅಕ್ಷರ, ಅಂಕಿ ಕಲಿತು ಉಳ್ಳವರ ಮಕ್ಕಳಿಗೆ ಸಮವಾಗಲಿ ಎಂಬುದು ಅದನ್ನು ನಡೆಸಿದವರ ಆಸೆ. ಕಾರ್ಯಕ್ರಮ ಒಳ್ಳೆಯದೇ, ನೋಡಿದ ಮಕ್ಕಳು ಕಲಿತರು. ಆದರೆ 1975ರಲ್ಲಿ ಥಾಮಸ್ ಕುಕ್ ಮತ್ತು ಅವರ ಸಂಗಡಿಗರು ಅಂಕಿಅಂಶಗಳನ್ನು ಮತ್ತೆ ತಿರುವಿ ಹಾಕಿ, ಉಳ್ಳವರ ಮಕ್ಕಳೇ ಅದನ್ನು ಹೆಚ್ಚು ನೋಡುತ್ತಿರುವುದರಿಂದ ಅಂತರ ಕಡಿಮೆಯಾಗುವ ಬದಲು ಹೆಚ್ಚಬಹುದು ಎಂದು ಎಚ್ಚರಿಸಿದರು. ಅವರಿಗೂ ಮೊದಲು, 1970ರಲ್ಲಿ, ಮಿನ್ನೆಸೋಟದ ಮೂವರು ವಿದ್ವಾಂಸರು ಇದನ್ನೇ ಒಂದು ಸೂತ್ರವಾಗಿ ಹೇಳಿದ್ದರು: ಸಮಾಜದಲ್ಲಿ ತಿಳಿವಳಿಕೆ ಹರಿದುಬಂದಾಗ ಮೇಲಿನ ಅಂತಸ್ತಿನವರು ಅದನ್ನು ಬೇಗ ಹೀರಿಕೊಳ್ಳುತ್ತಾರೆ, ಕೆಳಗಿನವರು ತಡವಾಗಿ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಕಾಲುವೆಗೆ ನೀರು ಬಿಟ್ಟರೆ ತಲೆಕಡೆಯ ಗದ್ದೆಯವನಿಗೆ ಮೊದಲು.

ಡಾಕ್ಟರ ಮನೆಯಲ್ಲಿ ನಡೆಯುವುದೇನು? ಹುಡುಗನಿಗೆ ಸಂಶಯ ಬಂದರೆ ಅಮ್ಮನನ್ನು ಕೇಳುತ್ತಾನೆ. ಅಮ್ಮನಿಗೆ ತಿಳಿಯದಿದ್ದರೆ ಮೊಬೈಲಿನಲ್ಲಿ ಹೀಗೆ ಹುಡುಕು, ಇದನ್ನು ನಂಬು, ಅದನ್ನು ನಂಬಬೇಡ ಎನ್ನುತ್ತಾಳೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆನೆಟ್ ಲರೋ ಹಲವು ಮನೆಗಳನ್ನು ಹತ್ತಿರದಿಂದ ನೋಡಿ 2003ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನೇ ಬರೆದಿದ್ದಾರೆ: ಮಧ್ಯಮವರ್ಗದ ಮಗುವಿಗೆ ಮೇಷ್ಟರನ್ನು, ಡಾಕ್ಟರನ್ನು ಎದುರಿಗೆ ನಿಂತು ಪ್ರಶ್ನೆ ಕೇಳುವ ಅಭ್ಯಾಸ ಮನೆಯಲ್ಲೇ ಆಗುತ್ತದೆ; ದುಡಿಯುವವರ ಮಕ್ಕಳು ದೊಡ್ಡವರ ಎದುರು ಸುಮ್ಮನಿರುವುದನ್ನು ಕಲಿಯುತ್ತಾರೆ. ಆ ಮಕ್ಕಳ ಆಟಪಾಟ, ಬಂಧುಬಳಗದ ಪ್ರೀತಿ ಹೆಚ್ಚಿನದೆಂದೂ ಆಕೆ ಹೇಳದೆ ಬಿಟ್ಟಿಲ್ಲ. ಅಮೆರಿಕದ ಮಾತು ನಮಗೇಕೆ ಎನ್ನಬೇಡಿ. ಕಾರ್ಖಾನೆಯ ಆಫೀಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ ತಂದೆಯನ್ನು ಕಂಡ ಮಗ ಪ್ರಶ್ನೆ ಕೇಳುವುದನ್ನು ಎಲ್ಲಿಂದ ಕಲಿಯಬೇಕು? ಕೇಳುವ ಅಭ್ಯಾಸವಿಲ್ಲದವನಿಗೆ ಮೊಬೈಲು ತಾನು ತೋರಿಸಬೇಕೆಂದಿರುವುದನ್ನೇ ತೋರಿಸುತ್ತದೆ.

ಹಾಗಾದರೆ ಮಾಡಬೇಕಾದುದೇನು? ನಮ್ಮ ನಾಡಿನ ಒಂದು ಹಳೆಯ ಪ್ರಯೋಗವನ್ನು ನೆನಪಿಸುತ್ತೇವೆ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಒಂದು ವರ್ಷ, ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ತಂದರು. 'ಸೈಟ್' ಎಂದು ಅದರ ಹೆಸರು. ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಕನ್ನಡದಲ್ಲಿ ಪಾಠ, ಸಂಜೆ ಊರವರಿಗೆ ಬೇಸಾಯ, ಆರೋಗ್ಯ. ಅದರಲ್ಲಿ ಕೊರತೆಗಳಿರಲಿಲ್ಲವೆಂದಲ್ಲ, ವರ್ಷ ಮುಗಿದೊಡನೆ ಉಪಗ್ರಹವೂ ಹೊರಟುಹೋಯಿತು. ಆದರೆ ಪೆಟ್ಟಿಗೆ ಯಾರೊಬ್ಬರ ಮನೆಯದೂ ಆಗಿರಲಿಲ್ಲ, ಊರಿನದು. ಗೌಡರ ಮಗನೂ ಕೂಲಿಯವನ ಮಗಳೂ ನೋಡಿದ್ದು ಒಂದೇ ಪರದೆಯನ್ನು.

ಈಗ ಊರಿನದೆನ್ನುವ ಜಾಗ ಯಾವುದು? ಗ್ರಂಥಾಲಯ. 2020ರ ನವೆಂಬರ್ 14ರಂದು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮ ಪ್ರಾರಂಭಿಸಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ಐದು ಸಾವಿರಕ್ಕೂ ಹೆಚ್ಚಿನ ಹಳ್ಳಿ ಗ್ರಂಥಾಲಯಗಳು ಇಂದು ಅರಿವು ಕೇಂದ್ರಗಳೆನಿಸಿಕೊಂಡಿವೆ. ಹಲವು ಕಡೆ ಕಂಪ್ಯೂಟರೂ ಬಂದಿದೆ. ಹಳ್ಳಿಯಲ್ಲಿ ಆಗಿರುವುದು ಪಟ್ಟಣದ ಕಾರ್ಮಿಕ ಕೇರಿಯಲ್ಲಿ ಏಕೆ ಆಗಬಾರದು? ದುಡ್ಡಿಲ್ಲವೆಂದು ನಗರಸಭೆಯವರು ಹೇಳಿದರೆ ಒಪ್ಪಬೇಡಿ. 1965ರ ಗ್ರಂಥಾಲಯ ಕಾಯಿದೆಯ ಪ್ರಕಾರ, ಅಂಗಡಿಗೂ ಮನೆಗೂ ನೀವು ಕಟ್ಟುವ ಕಂದಾಯದ ಜೊತೆಯಲ್ಲಿ ಗ್ರಂಥಾಲಯ ಕರವನ್ನೂ ಕಟ್ಟುತ್ತೀರಿ. ರಸೀತಿಯನ್ನು ತೆಗೆದು ನೋಡಿ, ಅದರಲ್ಲಿ ಬರೆದಿರುತ್ತದೆ. ಬಾಡಿಗೆ ಮನೆಯಲ್ಲಿರುವವರೂ ಬಾಡಿಗೆಯ ರೂಪದಲ್ಲಿ ಅದನ್ನು ತೆತ್ತವರೇ. ಅದು ಗ್ರಂಥಾಲಯಕ್ಕೇ ಸಲ್ಲಬೇಕಾದ ಹಣ, ರಸ್ತೆಗಲ್ಲ, ದೀಪಕ್ಕಲ್ಲ.

ಈ ವಾರ ನಾವು ಮಾಡಬೇಕೆಂದಿರುವ ಕೆಲಸ ಇಷ್ಟೇ. ಕಳೆದ ಐದು ವರ್ಷಗಳಲ್ಲಿ ನಮ್ಮ ಊರಿನಲ್ಲಿ ವಸೂಲಾದ ಗ್ರಂಥಾಲಯ ಕರವೆಷ್ಟು, ಗ್ರಂಥಾಲಯಕ್ಕೆ ಸಂದಾಯವಾದುದೆಷ್ಟು ಎಂದು ಮಾಹಿತಿ ಹಕ್ಕಿನ ಪ್ರಕಾರ ಕೇಳುವ ಅರ್ಜಿಯನ್ನು ಬರೆದು ತಂದಿದ್ದೇವೆ. ಅದರ ಜೊತೆಗೆ ಮನವಿಯೂ ಒಂದಿದೆ: ಗಿರಣಿ ಕೇರಿಯ ಗ್ರಂಥಾಲಯ ರಾತ್ರಿ ಒಂಬತ್ತರವರೆಗೆ ತೆರೆದಿರಬೇಕು, ನಾಲ್ಕು ಕಂಪ್ಯೂಟರುಗಳಿರಬೇಕು, ಹೆಣ್ಣುಮಕ್ಕಳಿಗೆ ಬೇರೆ ಮೇಜು ಬೇಕು, ಕೇಳಿದ್ದಕ್ಕೆ ಉತ್ತರ ಹೇಳಬಲ್ಲ ಒಬ್ಬ ಸಹಾಯಕರು ಬೇಕು. ವರ್ತಕ ಮಿತ್ರರು ತಮ್ಮ ಕಂದಾಯದ ರಸೀತಿಯ ನಕಲನ್ನು ಕೊಟ್ಟರೆ ಮನವಿಗೆ ಬಲ ಬರುತ್ತದೆ. ಸಹಿ ಹಾಕುವ ಕಾಗದ ಬಾಗಿಲ ಬಳಿಯ ಮೇಜಿನ ಮೇಲಿದೆ. ಮನೆಗೆ ಹೋಗಿ ಮಗಳನ್ನೂ ಕರೆತನ್ನಿ, ಹದಿನೆಂಟು ತುಂಬಿದ್ದರೆ ಅವಳ ಸಹಿಯೂ ಬೇಕು.