ಎರೆ ಭೂಮಿಯ ರಾಡಿಯಲ್ಲಿ ಟ್ರ್ಯಾಕ್ಟರ್ ಗಾಲಿಗೆ ಹಿಡಿತ



ಉತ್ತರಿ ಮಳೆ ಮುಗಿದು ಹಸ್ತಾ ಮಳೆ ಹಿಡಿಯುವ ಕಾಲಕ್ಕೆ ಕನಮಡಿ, ತಿಕೋಟಾ, ಬಬಲೇಶ್ವರ ಭಾಗದ ರೈತರಿಗೆ ಎರಡು ಕೆಲಸಗಳು ಒಮ್ಮೆಲೇ ಬಂದು ಕೂಡುತ್ತವೆ. ಒಂದು ಹಿಂಗಾರಿ ಜೋಳದ ಬಿತ್ತಿಗೆ. ಇನ್ನೊಂದು ದ್ರಾಕ್ಷಿಯ ಚಾಟಣಿ ಮತ್ತು ಅದರ ಬೆನ್ನಿಗೇ ಬರುವ ಔಷಧ ಸಿಂಪರಣೆ. ಜೋಳದ ಹೊಲ ಹದಕ್ಕಾಗಿ ನಾಲ್ಕು ದಿನ ಕಾದೀತು, ದ್ರಾಕ್ಷಿ ಕಾಯುವುದಿಲ್ಲ. ಚಿಗುರು ಒಡೆದ ಮೇಲೆ ಎಲೆಗಳು ತಾಸುಗಟ್ಟಲೆ ತೊಯ್ದೇ ಉಳಿದರೆ ಡೌನಿ ರೋಗಕ್ಕೆ ದಾರಿಯಾಗುತ್ತದೆ. ಆದ್ದರಿಂದ ಮಳೆ ನಿಂತ ಮರುದಿನವೇ ರೈತನು ಬ್ಲೋವರ್ ಜೋಡಿಸಿಕೊಂಡು ತೋಟಕ್ಕೆ ಇಳಿಯುತ್ತಾನೆ. ಎರಡನೆಯ ಸಾಲಿನಲ್ಲಿಯೇ ಗಾಲಿ ನಿಂತಲ್ಲೇ ತಿರುಗಲು ಆರಂಭಿಸುತ್ತದೆ.

ಇದಕ್ಕೆ ಕಾರಣ ಎಂಜಿನ್ನಿನ ಶಕ್ತಿ ಕಡಿಮೆಯಾದದ್ದಲ್ಲ. ಎರೆ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಬೆಣ್ಣೆಯಂತೆ ಜಾರುತ್ತದೆ. ಟಾಯರಿನ ಮೇಲಿನ ಉಬ್ಬು ಪಟ್ಟಿಗಳ ಸಂದಿಯಲ್ಲಿ ರಾಡಿ ತುಂಬಿಕೊಂಡಿತೆಂದರೆ ಟಾಯರು ಸವೆದ ಟಾಯರಿನಂತೆ ನುಣ್ಣಗಾಗುತ್ತದೆ. ಆಮೇಲೆ ಎಕ್ಸಲೇಟರ್ ಎಷ್ಟು ಒತ್ತಿದರೂ ಗಾಲಿ ತನ್ನ ಗುಂಡಿಯನ್ನು ತಾನೇ ತೋಡುತ್ತದೆ.

ಗಾಲಿಗೆ ಸರಪಳಿ ಕಟ್ಟಿದರೆ ಹೇಗೆ ಎಂದು ಕೆಲವರು ಕೇಳುವುದುಂಟು. ಹಿಮ ಬೀಳುವ ನಾಡುಗಳಲ್ಲಿ, ನಮ್ಮ ದೇಶದ ಕಾಶ್ಮೀರ, ಹಿಮಾಚಲ ಪ್ರದೇಶಗಳಲ್ಲಿಯೂ, ವಾಹನಗಳ ಗಾಲಿಗೆ ಸರಪಳಿ ಹಾಕುತ್ತಾರೆ. ಗಟ್ಟಿ ಮಂಜುಗಡ್ಡೆಯನ್ನು ಉಕ್ಕು ಕಚ್ಚಿ ಹಿಡಿಯುತ್ತದೆ. ಎರೆಯ ರಾಡಿಯಲ್ಲಿ ಕಚ್ಚಿ ಹಿಡಿಯಲು ಗಟ್ಟಿಯಾದದ್ದು ಮೇಲೆ ಏನೂ ಇಲ್ಲ. ಸರಪಳಿಯ ಕೊಂಡಿಗಳೇ ಮಣ್ಣು ಮೆತ್ತಿಕೊಂಡು ಉಂಡೆಯಾಗುತ್ತವೆ. ಅಷ್ಟಾಗಿಯೂ ಕೊಳ್ಳುವವರು ಒಂದು ಮಾತು ನೆನಪಿಡಬೇಕು. ಏಣಿಯ ಮೆಟ್ಟಿಲಿನಂತೆ ಅಡ್ಡ ಸರಪಳಿ ಇರುವ ನಮೂನೆಯು ಟ್ರ್ಯಾಕ್ಟರ್ ಟಾಯರಿನ ಪಟ್ಟಿಗಳ ನಡುವೆ ಇಳಿದು ನಿರುಪಯೋಗಿಯಾಗುತ್ತದೆ. ಬಲೆಯಂತೆ ಹೆಣೆದದ್ದಾದರೆ ಮೇಲೆಯೇ ನಿಲ್ಲುತ್ತದೆ. ಟಾಯರಿನ ಅಳತೆಗೆ ಸರಿಹೊಂದಿರಬೇಕು, ಸ್ವಲ್ಪ ದೂರ ನಡೆಸಿದ ಮೇಲೆ ನಿಲ್ಲಿಸಿ ಮತ್ತೆ ಬಿಗಿಯಬೇಕು, ಮಡ್‌ಗಾರ್ಡಿಗೆ ತಾಗಬಾರದು, ಡಾಂಬರು ರಸ್ತೆಗೆ ಬರುವ ಮೊದಲು ಬಿಚ್ಚಬೇಕು. ಭತ್ತದ ಗದ್ದೆಯ ಕೇಜ್ ವೀಲ್ ರಾಡಿಗೆ ಇದಕ್ಕಿಂತ ಮೇಲು. ಆದರೆ ದ್ರಾಕ್ಷಿಯ ಸಾಲಿನೊಳಗೆ ಅಷ್ಟು ಅಗಲಕ್ಕೆ ಜಾಗವಿರುವುದು ಅಪರೂಪ, ಬಳ್ಳಿಯ ಬೇರಿಗೂ ಡ್ರಿಪ್ ಪೈಪಿಗೂ ಅದು ಒಳ್ಳೆಯದಲ್ಲ.

ಕಡಿಮೆ ಖರ್ಚಿನ ಉಪಾಯ ಹಿಂದಿನ ಟಾಯರುಗಳಲ್ಲಿ ನೀರು ತುಂಬಿಸುವುದು. ಗಾಲಿಯನ್ನು ಜಾಕಿನಿಂದ ಎತ್ತಿ, ವಾಲ್ವನ್ನು ಮೇಲಕ್ಕೆ ತಂದು, ವಾಲ್ವಿನ ಮಟ್ಟಕ್ಕೆ ಬರುವವರೆಗೆ ತುಂಬಿದರೆ ಸುಮಾರು ಮುಕ್ಕಾಲು ಭಾಗವಾಗುತ್ತದೆ. ಉಳಿದ ಜಾಗ ಗಾಳಿಗೆ ಬಿಡಬೇಕು. 13.6-28 ಅಳತೆಯ ಒಂದು ಟಾಯರಿನಲ್ಲಿ 150 ಲೀಟರಿಗೂ ಹೆಚ್ಚು ನೀರು ಹಿಡಿಯುತ್ತದೆ, ಅಂದರೆ ಗಾಲಿಗೆ ಅಷ್ಟೇ ಕಿಲೋ ಭಾರ. ನೇಗಿಲು, ಟ್ರೇಲರ್ ಎಳೆಯುವವರಿಗೆ ಇದು ಬಹಳ ಉಪಯುಕ್ತ. ಬೆನ್ನಿಗೆ ಔಷಧದ ಟ್ಯಾಂಕ್ ಹೊತ್ತ ಟ್ರ್ಯಾಕ್ಟರಿಗೆ ಹಿಂದೆ ಭಾರ ಮೊದಲೇ ಸಾಕಷ್ಟಿರುತ್ತದೆ. ಹಸಿ ನೆಲದಲ್ಲಿ ಟ್ಯಾಂಕನ್ನು ಅರ್ಧ ತುಂಬಿಸಿ ಎರಡು ಸಲ ಹೋಗಿಬರುವುದೇ ಜಾಣತನ. ಹೊಲಕ್ಕೆ ಇಳಿಯುವಾಗ ಹಿಂದಿನ ಟಾಯರಿನ ಗಾಳಿಯನ್ನು ಕಂಪನಿಯ ಪುಸ್ತಕದಲ್ಲಿ ಹೊಲಕ್ಕೆಂದು ಹೇಳಿದ ಮಟ್ಟಕ್ಕೆ, ಸಾಮಾನ್ಯವಾಗಿ 12 ರಿಂದ 14 ಪೌಂಡಿಗೆ, ಇಳಿಸಬೇಕು. ರಸ್ತೆಯ ಗಾಳಿಯಲ್ಲೇ ಹೊಲ ತಿರುಗುವವರೇ ಹೆಚ್ಚು.

ಗಾಲಿ ಎಷ್ಟು ಜಾರುತ್ತದೆಂದು ತಿಳಿಯಲು ಯಂತ್ರ ಬೇಡ. ಟಾಯರಿಗೆ ಸುಣ್ಣದ ಗುರುತು ಹಾಕಿ, ಭಾರವಿಲ್ಲದೆ 10 ಸುತ್ತು ತಿರುಗಿದಾಗ ಹೋದ ದೂರ ಅಳೆಯಬೇಕು. ಅದು 40 ಮೀಟರ್ ಎನ್ನೋಣ. ಕೆಲಸ ಮಾಡುತ್ತ ಅದೇ 10 ಸುತ್ತಿಗೆ 34 ಮೀಟರ್ ಹೋದರೆ ಜಾರಿಕೆ ಶೇಕಡಾ 15. ಅಷ್ಟರವರೆಗೆ ನಡೆದೀತು. 30 ಮೀಟರಿಗೆ ಬಂತೆಂದರೆ ನಾಲ್ಕರಲ್ಲಿ ಒಂದು ಪಾಲು ಡೀಸೆಲ್ ರಾಡಿ ಕಲಸುವುದಕ್ಕೆ ಹೋಗುತ್ತಿದೆ. ಆ ದಿನ ಟ್ರ್ಯಾಕ್ಟರ್ ಹೊರಗಿರಲಿ, ಪೈಪು ಎಳೆದು ಗನ್ನಿನಿಂದ ಸಿಂಪಡಿಸುವುದು ಮೇಲು. ಗೇಣು ಆಳದ ಮಣ್ಣನ್ನು ಅಂಗೈಯಲ್ಲಿ ಹೊಸೆದರೆ ಶಾವಿಗೆಯಂತೆ ಎಳೆ ಬಂದಾಗಲೂ ಹೀಗೆಯೇ.

ಒಂದೇ ಗಾಲಿ ತಿರುಗುತ್ತಿದ್ದರೆ ಡಿಫರೆನ್ಷಿಯಲ್ ಲಾಕ್ ಇದೆ. ಗಾಲಿ ನಿಂತಾಗ ಹಾಕಬೇಕು, ನೇರವಾಗಿ ಮಾತ್ರ ನಡೆಸಬೇಕು, ತಿರುವಿಗೆ ಮೊದಲು ಬಿಡಬೇಕು.

ಹುಗಿದ ಟ್ರ್ಯಾಕ್ಟರನ್ನು ಎಬ್ಬಿಸಲು ಹಿಂದಿನ ಎರಡೂ ಗಾಲಿಗಳಿಗೆ ಅಡ್ಡಲಾಗಿ ಮರದ ದಿಮ್ಮಿ ಕಟ್ಟಿ ಮುಂದಕ್ಕೆ ಎಳೆಸುವ ರೂಢಿ ಹಲವು ಕಡೆ ಇದೆ. ಇದನ್ನು ಎಂದಿಗೂ ಮಾಡಬಾರದು. ದಿಮ್ಮಿ ನೆಲಕ್ಕೆ ಸಿಕ್ಕಿ ಗಾಲಿ ತಿರುಗದಿದ್ದರೆ ಎಂಜಿನ್ನಿನ ಬಲವೆಲ್ಲ ಟ್ರ್ಯಾಕ್ಟರಿನ ಮೂತಿಯನ್ನು ಮೇಲೆತ್ತುತ್ತದೆ. ಅದು ಹಿಂದಕ್ಕೆ ಮಗುಚಿ ಬೀಳಲು ಒಂದೆರಡು ಸೆಕೆಂಡು ಸಾಕು. ಕ್ಲಚ್ ತುಳಿಯುವಷ್ಟರಲ್ಲಿ ಚಾಲಕನು ಸ್ಟೇರಿಂಗಿನ ಕೆಳಗಿರುತ್ತಾನೆ. ಟಾಪ್ ಲಿಂಕಿನಂಥ ಎತ್ತರದ ಜಾಗಕ್ಕೆ ಹಗ್ಗ ಕಟ್ಟಿ ಭಾರ ಎಳೆದರೂ ಇದೇ ಅಪಾಯ. ಮೊದಲು ಟ್ಯಾಂಕ್ ಖಾಲಿ ಮಾಡಿ, ಗಾಲಿಯ ಹಿಂದೆ ಇಳಿಜಾರಾಗಿ ಮಣ್ಣು ತೆಗೆದು, ತೊಗರಿ ಕಟ್ಟಿಗೆ ಹಾಸಿ, ರಿವರ್ಸಿನಲ್ಲಿ ನಿಧಾನವಾಗಿ ಬಂದ ದಾರಿಯಲ್ಲೇ ಹೊರಬರಬೇಕು. ಆಗದಿದ್ದರೆ ಗಟ್ಟಿ ನೆಲದ ಮೇಲೆ ನಿಂತ ಇನ್ನೊಂದು ಟ್ರ್ಯಾಕ್ಟರಿನ ಡ್ರಾಬಾರಿಗೇ ಕಟ್ಟಿ ಎಳೆಸಬೇಕು. ಹಗ್ಗ ಹರಿದರೆ ಚಾಟಿಯಂತೆ ಬೀಸುತ್ತದೆ, ನೋಡಲು ಬಂದ ಹುಡುಗರನ್ನು ಬದುವಿನ ಆಚೆಗೆ ಕಳಿಸಬೇಕು.

ಗಾಲಿ ತೋಡಿದ ಗುಂಡಿಗಳನ್ನು ಅಂದೇ ಮುಚ್ಚಲು ಹೋಗಬಾರದು. ಹಸಿ ಮಣ್ಣು ಒತ್ತಿದರೆ ಬೇಸಿಗೆಯಲ್ಲಿ ಕಲ್ಲಿನಂಥ ಹೆಂಟೆಯಾಗುತ್ತದೆ. ನೀರು ನಿಲ್ಲದಂತೆ ಸಣ್ಣ ಕಾಲುವೆ ತೆಗೆದು, ಮಣ್ಣು ಹದಕ್ಕೆ ಬಂದ ಮೇಲೆ ಸಮ ಮಾಡಬೇಕು.