ಕಾಡಿನ ರಾತ್ರಿ ಸಂಚಾರ ನಿಷೇಧ ಮತ್ತು ನಮ್ಮ ಬದಲಿ ರಸ್ತೆ



ಹಾರನಹಳ್ಳಿಯ ಈ ಉಪನ್ಯಾಸ ಮಾಲೆಯಲ್ಲಿ ಇವತ್ತು ನನ್ನ ಪಾಲಿಗೆ ಬಂದಿರುವುದು ರಸ್ತೆಯ ವಿಷಯ. ಹುಣಸೂರಿನಿಂದ ಪಂಚವಳ್ಳಿ, ಆನೆಚೌಕೂರು, ತಿತಿಮತಿ ದಾಟಿ ಗೋಣಿಕೊಪ್ಪಕ್ಕೆ, ಅಲ್ಲಿಂದ ಕುಟ್ಟದ ಮೇಲೆ ಮಾನಂದವಾಡಿಗೆ ಹೋಗುವ ರಸ್ತೆ ನಿಮಗೆಲ್ಲ ಗೊತ್ತು. ಸುಪ್ರೀಂ ಕೋರ್ಟಿನ ಕಾಗದಪತ್ರಗಳಲ್ಲಿ ಅದಕ್ಕೆ ‘ಬದಲಿ ರಸ್ತೆ’ ಎಂದು ಹೆಸರು. ಬಂಡೀಪುರದ ರಸ್ತೆ ರಾತ್ರಿ ಮುಚ್ಚಿದಾಗ ಅಲ್ಲಿ ಹೋಗಬೇಕಾದ ವಾಹನ ಇಲ್ಲಿ ಹೋಗಲಿ ಎಂಬ ಏರ್ಪಾಡು ಅದು. ನನ್ನ ಮಾತು ಎರಡೇ. ಬಂಡೀಪುರವನ್ನು ರಾತ್ರಿ ಮುಚ್ಚಿದ್ದು ಸರಿ, ಅದನ್ನು ತೆರೆಯಬಾರದು. ಆದರೆ ಅಲ್ಲಿ ಮುಚ್ಚಿದ ಗೇಟಿನ ಭಾರವನ್ನು ಇಲ್ಲಿ ಹೊರುತ್ತಿರುವ ಊರುಗಳನ್ನು ಯಾರೂ ಕೇಳಲಿಲ್ಲ. ಈಗಲಾದರೂ ಕೇಳಬೇಕು.

ಮೊದಲು ನಡೆದದ್ದನ್ನು ಹೇಳುತ್ತೇನೆ, ಏಕೆಂದರೆ ಈ ವಿವಾದದಲ್ಲಿ ಕೂಗಾಟ ಹೆಚ್ಚು, ಇಸವಿ ನೆನಪಿಟ್ಟವರು ಕಡಿಮೆ. ಈ ನಿಷೇಧ ಶುರುವಾದದ್ದು ಬಂಡೀಪುರದಲ್ಲಿ ಅಲ್ಲ, ನಮ್ಮದೇ ಮೈಸೂರು ಜಿಲ್ಲೆಯಲ್ಲಿ. ಹೆಗ್ಗಡದೇವನಕೋಟೆಯಿಂದ ನಾಗರಹೊಳೆ ಕಾಡಿನೊಳಗೆ ಹಾದು ಬಾವಲಿ ಗೇಟಿನ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆಯನ್ನು 2008ರಲ್ಲೇ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಲಾಯಿತು. ಮರುವರ್ಷ, 2009ರ ಜೂನ್‌ನಲ್ಲಿ, ಚಾಮರಾಜನಗರದ ಜಿಲ್ಲಾಧಿಕಾರಿ ಬಂಡೀಪುರದ ಎರಡೂ ಹೆದ್ದಾರಿಗಳನ್ನು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿ ಆದೇಶ ಹೊರಡಿಸಿದರು. ಕೆಲವೇ ದಿನಗಳಲ್ಲಿ ಒತ್ತಡ ಬಂತು, ಆದೇಶ ವಾಪಸಾಯಿತು. ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೈಕೋರ್ಟಿಗೆ ಹೋಯಿತು. 2010ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. ಆಂಬುಲೆನ್ಸಿಗೆ, ಅಗ್ನಿಶಾಮಕ ವಾಹನಕ್ಕೆ, ಲೆಕ್ಕದ ಕೆಲವು ಸರ್ಕಾರಿ ಬಸ್ಸುಗಳಿಗೆ ಮಾತ್ರ ದಾರಿ ಬಿಟ್ಟಿತು. ಕೇರಳ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು.

ರಾತ್ರಿಯೇ ಏಕೆ ಎಂದು ಕೇಳುವವರಿದ್ದಾರೆ. ಜಿಂಕೆಯ ಕಣ್ಣಿಗೆ ಹೆಡ್‌ಲೈಟ್ ಬಿದ್ದರೆ ಅದು ಓಡುವುದಿಲ್ಲ, ನಿಂತುಬಿಡುತ್ತದೆ. ಆನೆಯ ಮೈ ಬಣ್ಣ ಕತ್ತಲೆಯದೇ ಬಣ್ಣ. ಕಂಡಾಗ ಬ್ರೇಕ್ ಒತ್ತಿ ಪ್ರಯೋಜನವಿಲ್ಲ. 2004ರಿಂದ 2007ರವರೆಗೆ ಬಂಡೀಪುರದ ರಸ್ತೆಗಳಲ್ಲಿ ವಾಹನಕ್ಕೆ ಸಿಕ್ಕಿ ಇನ್ನೂರಕ್ಕೂ ಹೆಚ್ಚು ಕಾಡುಪ್ರಾಣಿಗಳು ಸತ್ತವು. ಅವು ಲೆಕ್ಕಕ್ಕೆ ಸಿಕ್ಕವು. ಪೆಟ್ಟು ತಿಂದು ಪೊದೆಯೊಳಗೆ ಹೋಗಿ ಸತ್ತದ್ದನ್ನು ಯಾರೂ ಎಣಿಸುವುದಿಲ್ಲ. ಇನ್ನೊಂದು ವಿಷಯವೂ ಇದೆ. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಅವರ ಜೊತೆಗಾರರು ನಾಗರಹೊಳೆಯಲ್ಲೇ ಕ್ಯಾಮೆರಾ ಕಟ್ಟಿ, ವಾಹನ ಹೆಚ್ಚಿರುವ ರಸ್ತೆ ಅಂಚನ್ನೂ ಕಡಿಮೆ ಇರುವ ಅಂಚನ್ನೂ ಹೋಲಿಸಿ ನೋಡಿದರು. 2012ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ವಾಹನ ಹೆಚ್ಚಿರುವ ಕಡೆ ಜಿಂಕೆ, ಕಾಟಿ, ಆನೆ ರಸ್ತೆ ಬದಿಗೆ ಬರುವುದೇ ಕಡಿಮೆಯಾಗಿತ್ತು. ಅಂದರೆ ರಸ್ತೆ ಪ್ರಾಣಿಯನ್ನು ಕೊಲ್ಲದಿದ್ದರೂ ಅದರ ಮೇವನ್ನು, ನೀರಿನ ದಾರಿಯನ್ನು ಕಿತ್ತುಕೊಳ್ಳುತ್ತದೆ. ಅಲ್ಲಿ ಜಾಗ ಕಳೆದುಕೊಂಡ ಆನೆ ಎಲ್ಲಿಗೆ ಬರುತ್ತದೆ ಎಂದು ಕಾಡಂಚಿನ ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಸುಕಿನ ಜೋಳದ ಹೊಲಕ್ಕೇ ಬರುತ್ತದೆ.

ಈ ನಿಷೇಧದಿಂದ ವಯನಾಡಿನವರಿಗೆ ಆಗುವ ಕಷ್ಟವನ್ನೂ ಹಗುರವಾಗಿ ಕಾಣಬಾರದು. ಸುಲ್ತಾನ್ ಬತೇರಿಯ ಅಂಗಡಿಯವನಿಗೆ ತರಕಾರಿ ಬರುವುದು ಗುಂಡ್ಲುಪೇಟೆ, ಮೈಸೂರು ಕಡೆಯಿಂದ. 2019ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಹುಣಸೂರು–ಗೋಣಿಕೊಪ್ಪ–ಕುಟ್ಟ ರಸ್ತೆಯನ್ನೇ ಬಲಪಡಿಸಿ ಬಂಡೀಪುರದ ಹೆದ್ದಾರಿಯನ್ನು ಹಗಲೂ ಮುಚ್ಚಬಹುದೇ ಎಂದು ಕೇಳಿದಾಗ, ಬತೇರಿಯಲ್ಲಿ ಯುವಕರು ಉಪವಾಸ ಕೂತರು, ಸಾವಿರಾರು ಜನ ಬೀದಿಗಿಳಿದರು. 2024ರ ವಯನಾಡು ಉಪಚುನಾವಣೆಯ ಹೊತ್ತಿಗೆ ಮತ್ತೆ ನಿಷೇಧ ಸಡಿಲಿಸುವ ಮಾತು ಬಂತು. 2025ರ ಏಪ್ರಿಲ್‌ನಲ್ಲಿ ನಮ್ಮ ಕಡೆಯ ಪರಿಸರಪ್ರಿಯರು ನಿಷೇಧ ಉಳಿಯಲಿ ಎಂದು ಬಂಡೀಪುರದಲ್ಲಿ ಕಾಲ್ನಡಿಗೆ ಜಾಥಾ ನಡೆಸಿದರು. ವಯನಾಡಿನವರು ಕೇಳುವುದು ದಾರಿ. ದಾರಿ ಇದೆ, ಮೂವತ್ತು ಕಿಲೋಮೀಟರ್‌ಗೂ ಹೆಚ್ಚು ಸುತ್ತು, ಅಷ್ಟೆ. ಆ ಸುತ್ತಿನ ರಸ್ತೆಗೆ ಕರ್ನಾಟಕ ಸರ್ಕಾರ 75 ಕೋಟಿ ರೂಪಾಯಿ ಹಾಕಿ ಡಾಂಬರು ಮಾಡಿತು.

ಈ ಡಾಂಬರಿನ ಹತ್ತಿರ ಸ್ವಲ್ಪ ನಿಲ್ಲೋಣ. ರಸ್ತೆ ನುಣುಪಾಯಿತು, ವೇಗ ಹೆಚ್ಚಿತು. ಹುಣಸೂರು–ಗೋಣಿಕೊಪ್ಪ ರಸ್ತೆಯೂ ಕಾಡಿನ ರಸ್ತೆಯೇ. ಆನೆಚೌಕೂರು ಗೇಟು ದಾಟಿದರೆ ಎರಡೂ ಬದಿ ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶ. ರಸ್ತೆಯ ಪಕ್ಕದಲ್ಲೇ ಮತ್ತಿಗೋಡು ಆನೆ ಶಿಬಿರ. ಅಲ್ಲಿ ರಂಗ ಎಂಬ ಸಲಗ ಇತ್ತು, ನಿಮ್ಮಲ್ಲಿ ಅನೇಕರು ನೋಡಿರಬಹುದು. ಬನ್ನೇರುಘಟ್ಟದ ಸುತ್ತ ಹಾವಳಿ ಮಾಡುತ್ತಿದ್ದಾಗ ‘ರೌಡಿ ರಂಗ’ ಎಂದು ಹೆಸರಾಗಿತ್ತು. 2016ರಲ್ಲಿ ಹಿಡಿದು ಮತ್ತಿಗೋಡಿಗೆ ತಂದು ಪಳಗಿಸಿದರು. ಮಾವುತರ ಮಾತು ಕೇಳುವಷ್ಟು ಸಾಧುವಾಯಿತು, ಮುಂದೆ ದಸರಾಕ್ಕೂ ಆದೀತು ಎಂಬ ಆಸೆ ಹುಟ್ಟಿಸಿತು. 2018ರ ಅಕ್ಟೋಬರ್‌ನಲ್ಲಿ, ಮೈಸೂರಿನಲ್ಲಿ ದಸರಾ ಆನೆಗಳು ತಾಲೀಮು ನಡೆಸುತ್ತಿದ್ದ ದಿನಗಳಲ್ಲೇ, ಬೆಂಗಳೂರು–ಕಣ್ಣೂರು ನಡುವೆ ಓಡುವ ಖಾಸಗಿ ಬಸ್ಸೊಂದು ರಾತ್ರಿ ಶಿಬಿರದ ಹತ್ತಿರ ರಂಗನಿಗೆ ಡಿಕ್ಕಿ ಹೊಡೆಯಿತು. ಆನೆ ಉಳಿಯಲಿಲ್ಲ.

ಬಂಡೀಪುರದಲ್ಲಿ ಆನೆಯನ್ನು ಉಳಿಸಲು ಗೇಟು ಹಾಕಿದೆವು. ಅಲ್ಲಿ ಹೋಗದ ವಾಹನಕ್ಕೆಂದು ತೋರಿಸಿಕೊಟ್ಟ ಬದಲಿ ದಾರಿಯಲ್ಲಿ ಇನ್ನೊಂದು ಆನೆ ಸತ್ತಿತು. ಇದು ಹೇಗಾಯಿತು ಎಂದು ನಿಷೇಧವನ್ನು ಬೆಂಬಲಿಸುವ ನಾವೇ ಜೋರಾಗಿ ಕೇಳಬೇಕಿತ್ತು. ನಾಲ್ಕು ದಿನ ದುಃಖಪಟ್ಟು ಸುಮ್ಮನಾದೆವು ಎಂಬುದು ನನಗೆ ಇಂದಿಗೂ ನೋವಿನ ಸಂಗತಿ. ಕಾಡಿನ ನಡುವೆ ಹಾಯುವ ರಸ್ತೆಗೆ ಬದಲಿಯಾಗಿ ಕಾಡಿನದೇ ಇನ್ನೊಂದು ರಸ್ತೆಯನ್ನು ತೋರಿಸುವುದಾದರೆ, ಅದರ ಮೇಲೆ ವೇಗದ ಕಡಿವಾಣ ಮೊದಲ ದಿನದಿಂದಲೇ ಇರಬೇಕಿತ್ತು.

ವೇಗದ ವಿಷಯವನ್ನು ಹಿಂದಿನ ಸಾಲಿನಲ್ಲಿ ಕೂತಿರುವ ಹೈಸ್ಕೂಲು ಮಕ್ಕಳು ಗಮನವಿಟ್ಟು ಕೇಳಬೇಕು. ಗಂಟೆಗೆ 80 ಕಿಲೋಮೀಟರ್ ಓಡುವ ಬಸ್ಸು ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಡ್ರೈವರಿಗೆ ಎದುರಿನದು ಕಂಡು, ಕಾಲು ಬ್ರೇಕಿನ ಮೇಲೆ ಹೋಗಲು ಒಂದೂವರೆ ಸೆಕೆಂಡು ಹಿಡಿಯಿತು ಎಂದುಕೊಳ್ಳಿ. ಬ್ರೇಕು ಹಿಡಿಯುವ ಮೊದಲೇ ಬಸ್ಸು 33 ಮೀಟರ್ ಮುಂದಿದೆ. ವೇಗ ಎರಡರಷ್ಟಾದರೆ ಪೆಟ್ಟಿನ ಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕದಲ್ಲಿ, ಕಾರಿನ ವೇಗ 50ರಿಂದ 65ಕ್ಕೆ ಏರಿದರೆ ನಡೆದು ಹೋಗುವವನು ಸಾಯುವ ಸಂಭವ ನಾಲ್ಕೂವರೆ ಪಟ್ಟಾಗುತ್ತದೆ. ಬರೀ ಹದಿನೈದು ಕಿಲೋಮೀಟರ್ ವೇಗದ ವ್ಯತ್ಯಾಸ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಗಂಟೆಗೆ ಹತ್ತೊಂಬತ್ತು ಮಂದಿ. ಈ ಸಭೆ ಮುಗಿಯುವಷ್ಟರಲ್ಲಿ ಎಷ್ಟು ಮನೆಗೆ ಫೋನು ಹೋಗಿರುತ್ತದೆ, ನೀವೇ ಲೆಕ್ಕ ಹಾಕಿ.

ನಮ್ಮ ರಸ್ತೆಯಲ್ಲಿ ಕತ್ತಲಾದ ಮೇಲೆ ಯಾರು ಇರುತ್ತಾರೆ? ಕೇರಳಕ್ಕೆ ಹೋಗುವ ಲಾರಿ, ಬಸ್ಸು ಮಾತ್ರವಲ್ಲ. ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್, ಅದರ ಮೇಲೆ ಎತ್ತರಕ್ಕೆ ಹೇರಿದ ಸೌದೆ. ಡೇರಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ನಸುಕಿನಲ್ಲೇ ಹೊರಟ ಸ್ಕೂಟರ್. ಶುಂಠಿ ಹೊಲದ ಕೂಲಿ ಮುಗಿಸಿ ಹಾಡಿಗೆ ನಡೆದು ಹೋಗುವವರು. ಸುಗ್ಗಿ ಬಂತೆಂದರೆ ರಸ್ತೆಯ ಮೇಲೆ ರಾಗಿ, ಹುರುಳಿ ಹರಡಿರುತ್ತದೆ, ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ಕತ್ತಲಾದ ಮೇಲೂ ಆ ಕಲ್ಲು ಅಲ್ಲೇ ಉಳಿದಿರುತ್ತದೆ. ಹುರುಳಿ ಸೊಪ್ಪು ಚಕ್ರಕ್ಕೆ ಸುತ್ತಿಕೊಂಡರೆ ಬೈಕು ನಿಲ್ಲುವುದಿಲ್ಲ, ಬೀಳುತ್ತದೆ. ಪೊಲೀಸರು ಪ್ರತಿ ವರ್ಷ ರಸ್ತೆ ಒಕ್ಕಣೆ ನಿಷೇಧ ಎನ್ನುತ್ತಾರೆ. ರೈತರನ್ನು ಬೈದು ಫಲವಿಲ್ಲ. ಊರೂರಿನ ಕಣ ಎಲ್ಲಿ ಹೋಯಿತು? ಒಂದು ಕಡೆ ಮನೆ ಎದ್ದಿದೆ, ಇನ್ನೊಂದು ಕಡೆ ಒತ್ತುವರಿ. ಉದ್ಯೋಗ ಖಾತ್ರಿಯಲ್ಲಿ ಒಕ್ಕಣೆ ಕಣ ಮಾಡಿಸಿಕೊಂಡ ಊರುಗಳು ರಾಜ್ಯದಲ್ಲಿವೆ. ಕಣ ಕೊಡದೆ ಒಕ್ಕಣೆ ನಿಷೇಧಿಸುವುದು, ಗೇಟು ಹಾಕಿ ದಾರಿ ಕೊಡದಿರುವಷ್ಟೇ ತಪ್ಪು.

ನಿರ್ಬಂಧ ಕೆಲಸ ಮಾಡುತ್ತದೆಯೇ ಎಂದು ಅನುಮಾನಿಸುವವರು ಮೈಸೂರು–ಬೆಂಗಳೂರು ಹೆದ್ದಾರಿಯನ್ನು ನೋಡಬೇಕು. ಅದು ತೆರೆದ ಹೊಸದರಲ್ಲಿ ದಿನಾ ಸಾವಿನ ಸುದ್ದಿ. 2023ರ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್ ನಿಲ್ಲಿಸಿದರು, ವೇಗ ಹಿಡಿಯುವ ಕ್ಯಾಮೆರಾ ಹಾಕಿದರು, ದಂಡ ಬಿಗಿ ಮಾಡಿದರು. ಸಾವು ಇಳಿಯಿತು. ಅಲ್ಲಿ ಬೈಕಿನವನಿಗೆ ಪಕ್ಕದಲ್ಲೇ ಸರ್ವಿಸ್ ರಸ್ತೆ ಇತ್ತು, ಅದನ್ನೂ ಮರೆಯಬಾರದು. ನಮ್ಮ ಜಿಲ್ಲೆಯಲ್ಲಿ ಮೈಸೂರು–ಕುಶಾಲನಗರ ನಾಲ್ಕು ಪಥದ 92 ಕಿಲೋಮೀಟರ್ ಹೆದ್ದಾರಿಗೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆಯಿತು. ಅದು ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳಲ್ಲೇ ಹಾದು ಹೋಗುತ್ತದೆ. ಸರ್ವಿಸ್ ರಸ್ತೆ, ಜಾನುವಾರು ದಾಟುವ ಕೆಳದಾರಿ ಎಲ್ಲೆಲ್ಲಿ ಬೇಕು ಎಂದು ನಾವು ಈಗಲೇ ಹೇಳದಿದ್ದರೆ, ಆಮೇಲೆ ತಂತಿಬೇಲಿ ಕತ್ತರಿಸಿ ದಾಟುವ ಸ್ಥಿತಿ ಬರುತ್ತದೆ.

ಈಗ ಇದೇ ರಸ್ತೆಯ ಊರುಗಳಲ್ಲಿ ಕವಿಯುವ ಹೊಗೆಯ ಮಾತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂದರೆ ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ಜುಲೈನಿಂದ ಅಕ್ಟೋಬರ್‌ವರೆಗೆ ಸೊಪ್ಪು ಹದ ಮಾಡುವ ನಮ್ಮ ಬ್ಯಾರನ್‌ಗಳ ಬೆಂಕಿ ಆರುವುದಿಲ್ಲ. ಸೊಪ್ಪನ್ನು ಕಡ್ಡಿಗೆ ಕಟ್ಟಿ ಒಳಗೆ ಇಳಿಬಿಟ್ಟ ಮೇಲೆ ವಾರದವರೆಗೂ ಹಗಲೂ ರಾತ್ರಿ ಉರಿ ಕಾಯಬೇಕು. ಮೊದಲು ಹಳದಿ ಬರಿಸುವ ಮಂದ ಉರಿ, ಕೊನೆಗೆ ದಂಟು ಒಣಗಿಸಲು ಎಪ್ಪತ್ತು ಡಿಗ್ರಿಯ ಹತ್ತಿರ. ಒಂದು ಕೆ.ಜಿ. ಹದವಾದ ಸೊಪ್ಪಿಗೆ ನಾಲ್ಕೈದು ಕೆ.ಜಿ. ಸೌದೆ ಬೇಕಾಗುತ್ತದೆ. ಸೊಪ್ಪಿಗೆ ಹೊಗೆ ತಾಗಿದರೆ ಬೆಲೆ ಬೀಳುತ್ತದೆ ಎಂದೇ ತಗಡಿನ ಕೊಳವೆಯಲ್ಲಿ ಶಾಖವನ್ನಷ್ಟೇ ಒಳಗೆ ಉಳಿಸಿ, ಹೊಗೆಯನ್ನು ಹೊರಗೆ ಬಿಡುತ್ತೇವೆ. ಆ ಹೊಗೆ ಉರಿ ಕಾಯುವವರ, ಪಕ್ಕದ ಮನೆಯ ಕೂಸಿನ ಎದೆಗೆ ಹೋಗುತ್ತದೆ.

ಮಳೆ ಹಿಂದೆ ಸರಿದ ಮೇಲೆ, ಆಕಾಶ ತಿಳಿಯಾದ ರಾತ್ರಿಗಳಲ್ಲಿ, ನೆಲದ ಹತ್ತಿರದ ಗಾಳಿ ಬೇಗ ತಣ್ಣಗಾಗುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿಯ ಪದರ ಪಾತ್ರೆಯ ಮುಚ್ಚಳದಂತೆ ಕೂರುತ್ತದೆ. ಹೊಗೆ ಮೇಲೇಳುವುದಿಲ್ಲ, ಊರಿನ ಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ಇದು ನಡೆಯುವುದು ರಾತ್ರಿ ಹೊತ್ತಿನಿಂದ ಬೆಳಿಗ್ಗೆ ಬಿಸಿಲು ಕಾಯುವವರೆಗೆ. ಬಂಡೀಪುರದ ಗೇಟು ಮುಚ್ಚಿರುವುದೂ ಅದೇ ಹೊತ್ತಿನಲ್ಲಿ. ಡೀಸೆಲ್ ಲಾರಿಗಳು ನಮ್ಮ ರಸ್ತೆಗೆ ತಿರುಗುವುದೂ, ಬ್ಯಾರನ್ ಹೊಗೆ ನೆಲಕ್ಕೆ ಕೂರುವುದೂ ಒಂದೇ ಗಳಿಗೆಯಲ್ಲಿ. ನಿಷೇಧದ ಚರ್ಚೆಯಲ್ಲಿ ಈ ಮಾತನ್ನು ಯಾರೂ ಆಡಿದ್ದನ್ನು ನಾನು ಕೇಳಿಲ್ಲ. ನಸುಕಿನಲ್ಲಿ ಮಂಜಿಗೆ ಹೊಗೆ ಬೆರೆತರೆ ಡ್ರೈವರಿಗೆ ಹತ್ತು ಮಾರು ಮುಂದೆ ಕಾಣುವುದಿಲ್ಲ. ಶ್ವಾಸಕೋಶದ ಪ್ರಶ್ನೆ ಅಲ್ಲಿಗೆ ಅಪಘಾತದ ಪ್ರಶ್ನೆಯೂ ಆಯಿತು.

ಗಾಳಿಯಲ್ಲಿನ ಸೂಕ್ಷ್ಮ ಕಣ, ಪಿಎಂ 2.5 ಎನ್ನುತ್ತಾರಲ್ಲ, ಅದಕ್ಕೆ ನಮ್ಮ ದೇಶ ಇಟ್ಟ ಮಿತಿ ಘನ ಮೀಟರಿಗೆ ವರ್ಷದ ಸರಾಸರಿ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಆದರೆ ಅಳೆಯುವ ಯಂತ್ರಗಳು ಬಹುಪಾಲು ನಗರಗಳಲ್ಲಿವೆ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಸೇರಿದ್ದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ. ಹಳ್ಳಿಯ ಗಾಳಿ ಶುದ್ಧ ಎಂದು ಮೊದಲೇ ತೀರ್ಮಾನಿಸಿ ಬಿಟ್ಟಿದ್ದಾರೆ. ಅಳೆಯದೆ ಇರುವುದಕ್ಕೆ ಪರಿಹಾರ ಕೇಳುವುದು ಹೇಗೆ? ಹೊಗೆಸೊಪ್ಪು ಬಿಟ್ಟುಬಿಡಿ ಎಂದು ನಾನು ಇಲ್ಲಿ ಹೇಳಿದರೆ ನಾಳೆ ಸಾಲ ತೀರಿಸುವವರು ಯಾರು ಎಂದು ನೀವು ಕೇಳುತ್ತೀರಿ, ಅದು ನ್ಯಾಯ. ಆದರೆ ಬ್ಯಾರನ್ ಗೋಡೆಗೆ, ಮಾಡಿಗೆ ಶಾಖ ಸೋರದಂತೆ ಹೊದಿಕೆ ಹಾಕಿದರೆ ಸೌದೆ ಉಳಿಯುತ್ತದೆ. ಅದಕ್ಕೆ ಹಣ ರೈತರ ಜೇಬಿನಿಂದಲೇ ಬರಬೇಕೆಂದಿಲ್ಲ. ನಮ್ಮ ಸೊಪ್ಪು ಮಾರಿ ಲಾಭ ಮಾಡುವ ಕಂಪನಿಗಳನ್ನೂ, ಹರಾಜು ನಡೆಸುವ ತಂಬಾಕು ಮಂಡಳಿಯನ್ನೂ ಕೇಳಬೇಕು.

ಗ್ರಾಮಸಭೆಗೆ ಏನು ಒಯ್ಯಬೇಕು ಎಂದು ಬೆಳಿಗ್ಗೆ ಕೆಲವರು ಕೇಳಿದರು. ಆನೆಚೌಕೂರು ಗೇಟಿನಲ್ಲಿ ಪ್ರತಿ ವಾಹನಕ್ಕೂ ಸಮಯ ಬರೆದ ಚೀಟಿ ಕೊಟ್ಟು, ಕಾಡು ಮುಗಿಯುವ ತಿತಿಮತಿ ಕಡೆ ಅದನ್ನು ನೋಡಬೇಕು. ಬೇಗ ಬಂದವನು ವೇಗವಾಗಿ ಬಂದನೆಂದೇ ಅರ್ಥ, ದಂಡ ಹಾಕಲು ಕ್ಯಾಮೆರಾ ಕೂಡ ಬೇಕಿಲ್ಲ. ಪಂಚವಳ್ಳಿಯಂಥ ಊರೊಳಗೆ ಬಿಳಿ ಬಣ್ಣ ಮಾಸದ ಹಂಪು, ಬೀದಿದೀಪ, ನಡೆಯುವವರಿಗೆ ಡಾಂಬರಿನ ಪಕ್ಕ ಮಣ್ಣಿನ ದಾರಿಯಾದರೂ ಬೇಕು. ಪ್ರತಿ ಟ್ರೇಲರಿನ ಹಿಂದೆ ಕೆಂಪು ಪ್ರತಿಫಲಕ ಪಟ್ಟಿ ಅಂಟಿಸುವ ಕೆಲಸ ನಮ್ಮದೇ. ನೂರಿನ್ನೂರು ರೂಪಾಯಿಯ ಮಾತು. ಊರಿಗೊಂದು ಕಣ. ಬ್ಯಾರನ್ ಉರಿಯುವ ತಿಂಗಳುಗಳಲ್ಲಿ ನಮ್ಮ ಹೋಬಳಿಯಲ್ಲೂ ಗಾಳಿ ಅಳೆಯಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ. ಮತ್ತು ಬಂಡೀಪುರದ ರಾತ್ರಿ ನಿಷೇಧ ಮುಂದುವರಿಯಲಿ ಎಂಬ ಠರಾವು, ಅದೇ ಕಾಗದದಲ್ಲಿ, ಮೊದಲ ಸಾಲಿನಲ್ಲೇ. ಬದಲಿ ರಸ್ತೆಯ ಊರುಗಳೇ ಹೀಗೆ ಬರೆದು ಕೊಟ್ಟರೆ, ಇಷ್ಟು ವರ್ಷ ಎರಡು ರಾಜ್ಯಗಳ ವಕೀಲರ ನಡುವೆಯೇ ನಡೆದ ವಾದಕ್ಕೆ ನಮ್ಮ ಹೇಳಿಕೆಯೂ ಸೇರುತ್ತದೆ. ಅರ್ಜಿಯ ಕರಡು ಬರೆದು ತಂದಿದ್ದೇನೆ. ಈಗ ಓದುತ್ತೇನೆ, ಎಲ್ಲಿ ತಿದ್ದಬೇಕು ಹೇಳಿ.