ನಳಿಗೆಯಲ್ಲಿ ಉಣ್ಣುವವರೂ ನಮ್ಮ ಪಂಕ್ತಿಯವರೇ
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಪಂಕ್ತಿಯಿಂದ ಹೊರಗೆ ಕೂರಿಸುವುದು ಅಂದರೆ ಏನು ಅಂತ ನಮ್ಮ ಹಿರಿಯರಿಗೆ ಯಾರೂ ವಿವರಿಸಬೇಕಾಗಿಲ್ಲ. 1917ರಲ್ಲಿ ಕೊಚ್ಚಿ ಸೀಮೆಯ ಚೆರಾಯಿಯಲ್ಲಿ ಸಹೋದರನ್ ಅಯ್ಯಪ್ಪನ್ ಪುಲಯರ ಜೊತೆ ಕೂತು ಮಿಶ್ರಭೋಜನ ಮಾಡಿಸಿದರು. ಅದಕ್ಕೆ ಅವರ ಸಮುದಾಯದವರೇ ಅವರಿಗೆ ಬಹಿಷ್ಕಾರ ಹಾಕಿದರು. ಒಟ್ಟಿಗೆ ಉಣ್ಣುವುದು ಅಷ್ಟು ದೊಡ್ಡ ಸಂಗತಿ.

ಈಗ ನಮ್ಮ ಮನೆಯೊಳಗೇ ಪಂಕ್ತಿಯಿಂದ ಹೊರಗಾದವರಿದ್ದಾರೆ. ಪಾರ್ಶ್ವವಾಯು ಬಡಿದವರು, ಬಾಯಿ-ಗಂಟಲಿನ ಕ್ಯಾನ್ಸರಿನಿಂದ ನುಂಗಲಾಗದವರು. ಅವರಿಗೆ ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಹಾಕುತ್ತಾರೆ. ಬಹುಕಾಲ ಬೇಕಾದರೆ ನೇರ ಹೊಟ್ಟೆಗೇ ಹಾಕುವ ಪೆಗ್ ಟ್ಯೂಬ್.

ಹೊಟ್ಟೆ ತುಂಬುತ್ತದೆ, ಆದರೆ ಬಾಯಿ ಒಣಗುತ್ತದೆ. ಗಂಟಲು ಕೆರೆಯುತ್ತದೆ. ಅಡುಗೆಮನೆಯಿಂದ ಮೀನುಸಾರಿನ ಪರಿಮಳ ಬರುತ್ತದೆ, ನಾಲಿಗೆಗೆ ಏನೂ ಇಲ್ಲ. ನೋಡಲು ಬಂದವರು ಮುಖ ನೋಡುವುದಿಲ್ಲ, ನಳಿಗೆ ನೋಡುತ್ತಾರೆ. ಮನೆಯವರು "ಪಾಪ" ಅಂತ ಬಾಗಿಲು ಹಾಕಿ ಉಣ್ಣುತ್ತಾರೆ. ಕೆಲವರಿಗೆ ಅದೇ ಸಮಾಧಾನ, ಪರಿಮಳ ತಡೆಯಲಿಕ್ಕಾಗುವುದಿಲ್ಲ. ಇನ್ನು ಕೆಲವರಿಗೆ ಅದೇ ದೊಡ್ಡ ನೋವು. ಹಾಗಾದರೆ ಏನು ಮಾಡುವುದು? ಅವರನ್ನೇ ಕೇಳಿ ಮಾರಾಯ್ರೇ! ಮಾತು ಬಾರದಿದ್ದರೆ ಕಣ್ಣು ನೋಡಿ, ಕೈ ಹಿಡಿದು ಕೇಳಿ.

ನೆನಪಿಡಬೇಕಾದದ್ದು ಇಷ್ಟು. ಕೊಡುವಾಗ ತಲೆ-ಬೆನ್ನು ಎತ್ತರದಲ್ಲಿರಲಿ, ಆಮೇಲೂ ಅರ್ಧದಿಂದ ಒಂದು ಗಂಟೆ ಹಾಗೇ ಇರಲಿ. ಆಹಾರಕ್ಕೆ ಮೊದಲೂ ನಂತರವೂ ನಳಿಗೆಗೆ ನೀರು ಹಾಯಿಸಿ, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ದಿನಾ ಬಾಯಿ ಶುಚಿ ಮಾಡಿ. ಆಸೆಪಟ್ಟರು ಅಂತ ಡಾಕ್ಟರನ್ನು ಕೇಳದೆ ಬಾಯಿಗೆ ಗಂಜಿತೆಳಿ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿದೀತು. ನಳಿಗೆ ಜಾರಿದರೆ ನೀವೇ ಒಳಗೆ ತಳ್ಳಬೇಡಿ, ನರ್ಸನ್ನು ಕರೆಯಿರಿ.

ಕೇರಳ ಸರಕಾರ 2008ರಲ್ಲೇ ಪಾಲಿಯೇಟಿವ್ ನೀತಿ ತಂದಿದೆ. ಪಂಚಾಯತಿನ ಮೂಲಕ ನರ್ಸ್ ಮನೆಗೇ ಬರುವ ವ್ಯವಸ್ಥೆ ಉಂಟು. ಇದು ದಾನವಲ್ಲ, ಹಕ್ಕು. ಕೇಳಿ ಪಡೆಯಬೇಕು. ಆದರೆ ನರ್ಸ್ ಮಲಯಾಳದಲ್ಲಿ ಹೇಳಿದ್ದು ತುಳು ಮಾತ್ರ ಬಲ್ಲ ಅಜ್ಜಿಗೆ ಅರ್ಥವಾಗಬೇಕಲ್ವಾ? ಮಂಗಲ್ಪಾಡಿಯ ನಮ್ಮ ಯುವಕ ಯುವತಿಯರಿಗೆ ನಾಲ್ಕು ಭಾಷೆ ಬರುತ್ತದೆ. ಆ ಇಬ್ಬರ ನಡುವೆ ನಿಲ್ಲಲು ನಿಮಗಿಂತ ಯೋಗ್ಯರು ಯಾರು?

ಸಂಘದಿಂದ ನಾಲ್ಕು ಮಂದಿಯಾದರೂ ಪಾಲಿಯೇಟಿವ್ ಸ್ವಯಂಸೇವಕರಾಗಿ ತರಬೇತಿ ಪಡೆಯಿರಿ. ವಾರಕ್ಕೊಂದು ಗಂಟೆ ಸಾಕು. ಮನೆಯವರು ಅಷ್ಟರಲ್ಲಿ ಸ್ನಾನ ಮಾಡಿ ಬಂದಾರು, ಒಂದು ತುತ್ತು ನೆಮ್ಮದಿಯಿಂದ ಉಂಡಾರು. ಪಂಕ್ತಿಗಾಗಿ ಹೋರಾಡಿದವರ ಮಕ್ಕಳು ನಾವು. ನಮ್ಮ ಮನೆಯ ಪಂಕ್ತಿಯಲ್ಲಿ ಯಾರೂ ಹೊರಗುಳಿಯಬಾರದು.